ಸಾಕ್ಷ್ಯ ಹುಟ್ಟುವ ಮುನ್ನ

2023ರಲ್ಲಿ ಕಾಟಲಿನ್ ಕರಿಕೊ ಅವರಿಗೆ ನೊಬೆಲ್ ಬಂದ ಮೇಲೆ ಒಂದು ಮಾತು ಬಹಳ ಓಡಾಡಿತು: ಎಷ್ಟು ಸಲ ಅನುದಾನ ನಿರಾಕರಿಸಿದರೂ ಕೊನೆಗೆ ಗೆದ್ದರಲ್ಲ, ನಿಜವಾದ ಪ್ರತಿಭೆ ಹೇಗಾದರೂ ಮೇಲೆ ಬರುತ್ತದೆ. ಇದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಎಂಆರ್‌ಎನ್‌ಎಯನ್ನು ಔಷಧವಾಗಿಸಬಹುದೆಂದು ನಂಬಿದ ಆಕೆಗೆ 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೊಟ್ಟದ್ದು ಹಿಂಬಡ್ತಿ. ಅಂಥ ಏಟಿಗೆ ಲ್ಯಾಬ್ ಬಿಟ್ಟು ಹೋದವರೆಷ್ಟು ಮಂದಿಯೋ, ಅವರ ಪಟ್ಟಿ ಯಾರ ಬಳಿಯೂ ಇಲ್ಲ. ಗೆದ್ದವರನ್ನಷ್ಟೇ ಎಣಿಸಿ ವ್ಯವಸ್ಥೆ ಸರಿಯಿದೆ ಎನ್ನುವುದು ಯಾವ ಲೆಕ್ಕ?

ಯಾವ ಸಂಶೋಧನೆಗೆ ಹಣ ಕೊಡಬೇಕೆಂಬ ಚರ್ಚೆಯಲ್ಲಿ ನಿಷ್ಕಾಮ ಕರ್ಮದ ಉಪದೇಶವೂ ಬರುತ್ತದೆ, ಬಹುಜನರ ಸುಖದ ಲೆಕ್ಕಾಚಾರವೂ ಬರುತ್ತದೆ. ಅನುದಾನ ಸಮಿತಿಯಲ್ಲಿ ಕುಳಿತವರಿಗೆ ಎರಡರಿಂದಲೂ ಹೆಚ್ಚಿನ ಉಪಯೋಗವಿಲ್ಲ. ಬಿಟ್ಟು ಮುಂದೆ ಹೋಗಲಾಗದವರು ಮೈಕೆಲ್ ಪೊಲಾನಿ.

ರಸಾಯನ ವಿಜ್ಞಾನದಿಂದ ತತ್ತ್ವಶಾಸ್ತ್ರಕ್ಕೆ ಬಂದ ಪೊಲಾನಿ 1962ರಲ್ಲಿ ವಿಜ್ಞಾನವನ್ನು ಒಂದು ಗಣರಾಜ್ಯವೆಂದು ಕರೆದರು. ಅಲ್ಲಿ ಅಧಿಕಾರ ಸಹೋದ್ಯೋಗಿಗಳದ್ದು. ಪ್ರತಿಯೊಬ್ಬರೂ ತಮ್ಮ ಅಕ್ಕಪಕ್ಕದ ಕ್ಷೇತ್ರವನ್ನು ತೂಗಿ ನೋಡುತ್ತಾರೆ, ನಂಬಲಾಗದ್ದನ್ನು ತಡೆಯುತ್ತಾರೆ. ಈ ತಡೆಗೆ ಸಿಕ್ಕಿ ಕೆಲವು ಸರಿಯಾದ ವಿಚಾರಗಳೂ ನಲುಗುತ್ತವೆ. ತಡೆಯೇ ಇಲ್ಲದಿದ್ದರೆ ಕಸ ತುಂಬಿಕೊಳ್ಳುತ್ತದೆ. ಬೇರೆ ಯಾರಾದರೂ ಹೀಗೆಂದಿದ್ದರೆ ಉಳ್ಳವರ ಸಮಾಧಾನವೆಂದು ತಳ್ಳಿಹಾಕಬಹುದಿತ್ತು. ಆದರೆ ಘನವಸ್ತುಗಳ ಮೇಲ್ಮೈಗೆ ಅನಿಲ ಅಂಟಿಕೊಳ್ಳುವ ಬಗ್ಗೆ 1914–16ರಲ್ಲಿ ಪೊಲಾನಿ ಕಟ್ಟಿದ ಸಿದ್ಧಾಂತವನ್ನು ಐನ್‌ಸ್ಟೈನ್, ಹಾಬರ್ ಅಂಥವರೇ ಒಪ್ಪಿರಲಿಲ್ಲ. ದಶಕಗಳ ನಂತರ ಅದಕ್ಕೆ ಮನ್ನಣೆ ಸಿಕ್ಕಾಗ, 1963ರ ಲೇಖನವೊಂದರಲ್ಲಿ ಅವರು ತಮ್ಮನ್ನು ತಿರಸ್ಕರಿಸಿದ ಆ ಅಧಿಕಾರವನ್ನೇ ಸಮರ್ಥಿಸಿದರು. ತಾವು ಪಾಠ ಮಾಡುವಾಗಲೂ ತಮ್ಮ ಸಿದ್ಧಾಂತವನ್ನು ವಿದ್ಯಾರ್ಥಿಗಳ ಮೇಲೆ ಹೇರಲಿಲ್ಲವಂತೆ. ಪೆಟ್ಟು ತಿಂದವರೇ ಕೋಲು ಇರಲಿ ಎಂದರೆ ಎದುರಾಡುವುದು ಕಷ್ಟ.

ಆದರೂ ಎದುರಾಡುತ್ತೇನೆ. ತಾವು ವೃತ್ತಿಯಲ್ಲಿ ಉಳಿದದ್ದೇ ಹೆಚ್ಚು ಎಂದು ಅದೇ ಲೇಖನದಲ್ಲಿ ಅವರು ಹೇಳಿಕೊಳ್ಳುತ್ತಾರೆ. ನಾರುಗಳ ಎಕ್ಸ್-ರೇ ಅಧ್ಯಯನ, ರಾಸಾಯನಿಕ ಕ್ರಿಯೆಗಳ ವೇಗ, ಹೀಗೆ ಕೈಯಲ್ಲಿ ಬೇರೆ ಕೆಲಸವಿತ್ತು. ಸಿದ್ಧಾಂತ ಕಾಗದದ ಮೇಲೆ ಕಾಯುತ್ತಾ ಇರಬಹುದಿತ್ತು. ಆರ್‌ಎನ್‌ಎ ಕಾಯುವುದಿಲ್ಲ. ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ ಕಲಿಯುವಾಗ ನನಗೆ ಮೊದಲು ಹೇಳಿಕೊಟ್ಟದ್ದು, ಬರಿಗೈಯಲ್ಲಿ ಏನನ್ನೂ ಮುಟ್ಟಬೇಡ ಎಂದು. ನಮ್ಮ ಚರ್ಮದ ಮೇಲೆಯೇ ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವವಿರುತ್ತದೆ. ಆರ್‌ಎನ್‌ಎ ಉಳಿಯಲು ಸಂಸ್ಕರಿಸಿದ ನೀರು ಬೇಕು, ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು, ಕರೆಂಟ್ ಹೋದರೆ ಫ್ರೀಜರನ್ನು ಕಾಪಾಡಲು ಜನರೇಟರ್ ಬೇಕು. ನನ್ನ ಮೊದಲ ಪ್ರಯೋಗಗಳು ನಡೆದದ್ದು ಹಿರಿಯರೊಬ್ಬರ ದೊಡ್ಡ ಅನುದಾನದಲ್ಲಿ ಮಿಕ್ಕ ಕಿಟ್‌ಗಳಿಂದ. ಆ ಫಲಿತಾಂಶವೇ ಮುಂದೆ ನನ್ನ ಅರ್ಜಿಯ ‘ಪ್ರಿಲಿಮಿನರಿ ಡೇಟಾ’ ಆಯಿತು. ಈಗ ನಾನು ಕೂರುವ ಸಮಿತಿಗೆ ಜಿಲ್ಲಾ ಕೇಂದ್ರದ ಕಾಲೇಜಿನ ತರುಣಿಯ ಅರ್ಜಿ ಬಂದರೆ ಮೊದಲ ಪ್ರಶ್ನೆ, ಡೇಟಾ ಎಲ್ಲಿ? ಆಕೆಯ ಪಕ್ಕದ ಕೋಣೆಯಲ್ಲಿ ಅಂಥ ಹಿರಿಯರಿಲ್ಲ, ಮಿಕ್ಕ ಕಿಟ್ಟೂ ಇಲ್ಲ. ಸಾಕ್ಷ್ಯ ಹುಟ್ಟಿಸಲೆಂದು ಕೇಳಿದ ಹಣಕ್ಕೆ ಸಾಕ್ಷ್ಯವನ್ನೇ ಅಡವಿಡು ಎನ್ನುತ್ತೇವೆ. ಒಂದು ವಿಚಾರವನ್ನು ಸತ್ಯವೆಂದು ಒಪ್ಪುವುದು ಬೇರೆ, ಹುಡುಕಲು ಬಿಡುವುದು ಬೇರೆ. ಪೊಲಾನಿ ಎರಡನ್ನೂ ಒಂದೇ ಕಾವಲುಗಾರನಿಗೆ ಒಪ್ಪಿಸಿದರು. ಪ್ರಕಟಣೆಯ ಬಾಗಿಲು ಬಿಗಿಯಾಗಿಯೇ ಇರಲಿ. ಮೊದಲ ಹಣದ ಬಾಗಿಲು ಸಡಿಲವಾಗಬೇಕು.

ನಮ್ಮಲ್ಲಿ ಆ ಬಾಗಿಲು ಇಲ್ಲವೆಂದಲ್ಲ. ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಸರಕಾರಿ ಸಂಸ್ಥೆ ಬಿರಾಕ್‌ನ ಇಗ್ನಿಷನ್ ಅನುದಾನ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಆದರೆ ಮಾರುಕಟ್ಟೆಯ ಕಡೆ ಮುಖ ಮಾಡಿದ ವಿಚಾರಗಳಿಗೆ. ಪುಣೆಯ ಜೆನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಆರಂಭಿಕ ಹಣ ಕೊಟ್ಟಿತು. ಒಳ್ಳೆಯದೇ. ಅದು ಬಂದದ್ದು ಕೋವಿಡ್ ಕಾಲದಲ್ಲಿ, ಜಗತ್ತೆಲ್ಲ ಎಂಆರ್‌ಎನ್‌ಎ ಕಡೆ ತಿರುಗಿದಾಗ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಲ್ಯಾಬಿನವರು ಒಂದು ಮಿಲಿಮೀಟರಿನ ಹುಳದಲ್ಲಿ ಲಿನ್-4 ಎಂಬ ಪುಟ್ಟ ಆರ್‌ಎನ್‌ಎ ಕಂಡಾಗ ಅದಕ್ಕೆ ಯಾವ ಮಾರುಕಟ್ಟೆಯಿತ್ತು? ಏಳು ವರ್ಷ ಅದು ಆ ಹುಳದ್ದೇ ವಿಚಿತ್ರವೆಂದು ಕೂತಿತ್ತು. 2000ದಲ್ಲಿ ಗ್ಯಾರಿ ರವ್ಕನ್ ಲ್ಯಾಬಿಗೆ ಸಿಕ್ಕ ಲೆಟ್-7 ಮನುಷ್ಯರಲ್ಲೂ ಇದೆಯೆಂದು ಗೊತ್ತಾದ ಮೇಲೆಯೇ ಜನ ತಿರುಗಿ ನೋಡಿದ್ದು. ಇಬ್ಬರಿಗೂ 2024ರಲ್ಲಿ ನೊಬೆಲ್ ಬಂತು.

ಇಷ್ಟು ಹೇಳಿದರೂ ಕರಿಕೊ ಕಥೆಯೇ ನನ್ನ ವಾದಕ್ಕೆ ಅಡ್ಡ ನಿಲ್ಲುತ್ತದೆ. ಅನುಮಾನಪಟ್ಟವರು ಅವಿವೇಕಿಗಳಾಗಿರಲಿಲ್ಲ. ಎಂಆರ್‌ಎನ್‌ಎ ನಿಜಕ್ಕೂ ಬೇಗ ಒಡೆಯುತ್ತಿತ್ತು. ಅದು ಉರಿಯೂತವನ್ನೂ ಎಬ್ಬಿಸುತ್ತದೆಂದು ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರ ಪ್ರಯೋಗಗಳೇ ತೋರಿಸಿದವು. ಯುರಿಡಿನ್ ಜಾಗದಲ್ಲಿ ಸ್ಯೂಡೋಯುರಿಡಿನ್ ಇಟ್ಟು ಅವರು ಪರಿಹಾರ ಕಂಡದ್ದು 2005ರಲ್ಲಿ. ಅಷ್ಟರಿಂದಲೂ ಲಸಿಕೆಯಾಗಲಿಲ್ಲ, ಎಂಆರ್‌ಎನ್‌ಎಯನ್ನು ಜೀವಕೋಶದೊಳಗೆ ಒಯ್ಯುವ ಕೊಬ್ಬಿನ ಕಣಗಳು ಬೇಕಿದ್ದವು. ಅವು ಬೆಳೆದದ್ದು ಪಕ್ಕದ ಹೊಲದಲ್ಲಿ, 2018ರಲ್ಲಿ ಒಪ್ಪಿಗೆ ಪಡೆದ ಪಾಟಿಸಿರಾನ್ ಎಂಬ ಇನ್ನೊಂದು ಆರ್‌ಎನ್‌ಎ ಔಷಧಕ್ಕಾಗಿ ದುಡಿದವರ ಕೈಯಲ್ಲಿ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಾ ವಿಜ್ಞಾನವನ್ನು ಬೆಳೆಸುತ್ತಾರೆ ಎಂದು ಪೊಲಾನಿ ಹೇಳಿದ್ದು ಇದನ್ನೇ ಅಲ್ಲವೇ? ಒಬ್ಬ ಒಂಟಿ ಸಾಹಸಿಗೆ ಹಣ ಸುರಿದಿದ್ದರೆ ಹದಿನೈದು ವರ್ಷ ಮೊದಲೇ ಲಸಿಕೆ ಸಿಗುತ್ತಿತ್ತು ಎಂದು ನಾನು ಹೇಳಲಾರೆ.

ಹಾಗಾದರೆ ಚೀಟಿ ಎತ್ತೋಣವೇ? ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಹೊಸ ವಿಚಾರಗಳ ಒಂದು ಅನುದಾನಕ್ಕೆ ಅರ್ಹ ಅರ್ಜಿಗಳ ನಡುವೆ ಹಾಗೆಯೇ ಆರಿಸತೊಡಗಿತು. ನನಗೆ ಅದು ಹಿಡಿಸುತ್ತದೆ. ಆದರೆ ಅರ್ಹ ಯಾವುದೆಂದು ಹೇಳುವವರು ಮತ್ತೆ ಸಹೋದ್ಯೋಗಿಗಳೇ. ಹೊರಗೆ ಕಳಿಸಿದೆನೆಂದುಕೊಂಡ ಪೊಲಾನಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದ್ದಾರೆ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿಗೆ ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆ ಇದೆ. ಈ ಮಾತನ್ನೆಲ್ಲ ಅವನ ತಾಯಿಗೆ ಹೇಳಿದಾಗ, “ಹುಳದ ಪ್ರಯೋಗ ಆಮೇಲೆ ಮಾಡ್ಕೊಳ್ಳಿ ಸಾರ್, ಇವನಿಗೆ ಔಷಧಿ ನಮ್ಮ ಕೈಗೆಟುಕೋ ಹಾಗೆ ಯಾವಾಗ ಸಿಗತ್ತೆ ಹೇಳಿ” ಎಂದರು. ಆ ಕಾಯಿಲೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ನುಸಿನರ್ಸೆನ್ ಆರ್‌ಎನ್‌ಎ ಮೇಲೆಯೇ ಕೆಲಸ ಮಾಡುತ್ತದೆ. ಅದರ ಹಿಂದಿನ ಸಂಶೋಧನೆಗೆ ಆರಂಭದಲ್ಲಿ ಹಣ ಕೊಟ್ಟವರಲ್ಲಿ ಅಲ್ಲಿನ ರೋಗಿಗಳ ಕುಟುಂಬಗಳ ಸಂಘವೂ ಇತ್ತು. ಅದನ್ನು ಆಕೆಗೆ ಹೇಳಿದೆ. ಆದರೆ ಆ ಕುಟುಂಬಗಳು ಹಣ ಕೊಟ್ಟದ್ದು ತಮ್ಮ ಮಕ್ಕಳ ಕಾಯಿಲೆಗೆ. ಲಿನ್-4ಕ್ಕೆ ಅಂಥ ತಾಯಂದಿರು ಯಾರೂ ಇರಲಿಲ್ಲ. ಸರಕಾರದ ಹಣದಲ್ಲಿ ಒಂದು ಪಾಲು ಅಂಥ ದಿಕ್ಕಿಲ್ಲದ ಪ್ರಶ್ನೆಗಳಿಗೆ ಹೋಗಲೇಬೇಕೆಂದು ನಾನು ಈಗಲೂ ವಾದಿಸುತ್ತೇನೆ. ಅದು ನೂರಕ್ಕೆ ಎರಡೋ ಇಪ್ಪತ್ತೋ, ಆಕೆಯ ಮುಂದೆ ನಿಂತು ಹೇಳಬಲ್ಲ ಅಂಕಿ ನನಗಿನ್ನೂ ಸಿಕ್ಕಿಲ್ಲ.