ಲಕ್ಕಮ್ಮನ ವ್ರತ, ಹಲವರು ಕಟ್ಟಿದ ಲೋಕ

ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಪ್ರೇಮಿ. ಮೆಚ್ಚಿ ಕೈಹಿಡಿದ ಕಾಮಲತೆ ಜ್ವರ ಬಂದು ತೀರಿಕೊಳ್ಳುತ್ತಾಳೆ. ಅವನು ಹುಚ್ಚನಂತೆ ಅಲೆಯುತ್ತಾನೆ. ಒಂದು ಕಡೆ ಮಂಕು ಹಿಡಿದು ಕೂತು ಕಾಲುಗುರಿನಿಂದ ನೆಲ ಕೆದಕುತ್ತಿರುವಾಗ ಮಣ್ಣಿನಡಿಯಿಂದ ಗುಡಿಯ ಹೊನ್ನಕಳಸ ಕಾಣಿಸುತ್ತದೆ. ಒಳಗೆ ಹೋದರೆ ಅನಿಮಿಷಯ್ಯ, ಅವನ ಅಂಗೈಯಲ್ಲಿ ಲಿಂಗ. ಮುಂದೆ 15ನೆಯ ಶತಮಾನದಲ್ಲಿ ಚಾಮರಸ ಪ್ರಭುಲಿಂಗಲೀಲೆ ಬರೆದಾಗ ಈ ಅಲ್ಲಮನಿಗೆ ಪ್ರೇಮವೂ ಇಲ್ಲ, ವಿರಹವೂ ಇಲ್ಲ. ಬನವಾಸಿಯಲ್ಲಿ ರಾಜಕುಮಾರಿಯಾಗಿ ಹುಟ್ಟಿಬಂದ ಮಾಯೆಯೇ ಅವನ ಬೆನ್ನು ಹತ್ತಿ ಸೋತು ಹೋಗುತ್ತಾಳೆ. ಎರಡು ಕಥೆಗಳೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಆದರೂ ಕನ್ನಡ ಓದುಗ ಎರಡನ್ನೂ ಇಟ್ಟುಕೊಂಡಿದ್ದಾನೆ. ಹಲವರು ಕೂಡಿ ಒಂದು ವೀರಲೋಕ ಕಟ್ಟಿದಾಗ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬದಲಿಸಿದಾಗ, ಆ ಲೋಕದಲ್ಲಿ ಸತ್ಯ ಎಂಬುದು ಎಲ್ಲಿ ಉಳಿಯುತ್ತದೆ? ಇಂದು ಗೆಳೆಯರು ಸೇರಿ ಸ್ವತಂತ್ರವಾಗಿ ಸೂಪರ್‌ಹೀರೋ ಕಾಮಿಕ್ ಮಾಡಲು ಕೂತಾಗ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು. ನಮ್ಮಲ್ಲಿ ಇದು ಕಲೆಯ ಪ್ರಶ್ನೆಯಾಗುವ ಮೊದಲೇ ಧರ್ಮದ ಪ್ರಶ್ನೆಯಾಗಿತ್ತು.

ಇದಕ್ಕೆ ನನಗೆ ಕಾಣುವ ಉತ್ತರ ಲಿಂಗಸುಗೂರು ತಾಲೂಕಿನ ನೆಲದಲ್ಲೇ ಇದೆ. ಗುರುಗುಂಟಾ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಇಬ್ಬರ ಅಂಕಿತದಲ್ಲೂ ತಮ್ಮೂರ ಅಮರೇಶ್ವರಲಿಂಗವೇ ಇದೆ. ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಅವನ ಸೆರಗಿನಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬರುತ್ತದೆ. ಲಕ್ಕಮ್ಮ ಅದನ್ನು ಮಡಕೆಗೆ ಸುರಿಯುವುದಿಲ್ಲ. ಇಷ್ಟೊಂದು ನಮಗೇಕೆ, ಹೆಚ್ಚಿನದನ್ನು ಆಯ್ದಲ್ಲೇ ಚೆಲ್ಲಿ ಬಾ ಎಂದು ಗಂಡನನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಾಳೆ. ಜನ ಹೇಳುವ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಉಳಿದ ಹಿಡಿ ಅಕ್ಕಿಯಲ್ಲಿ ಅವಳು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸುತ್ತಾಳೆ. ಕಾಮಿಕ್ ಭಾಷೆಯಲ್ಲಿ ಹೇಳುವುದಾದರೆ ಇದು ಅವಳ ಸೂಪರ್‌ಪವರ್. ಆದರೆ ಈ ಶಕ್ತಿ ಎಲ್ಲಿಂದ ಬಂತೆಂದು ನೋಡಿ. ವರದಿಂದಲ್ಲ, ಮಂತ್ರದಿಂದಲ್ಲ, ಹೆಚ್ಚಿನದನ್ನು ಬೇಡವೆಂದದ್ದರಿಂದ. ಪವಾಡವನ್ನು ನಂಬದವರೂ ಕಥೆಯ ಒಳಗಿನ ಈ ಲೆಕ್ಕವನ್ನು ಒಪ್ಪಲೇಬೇಕು: ಆ ಅಕ್ಕಿಯನ್ನು ಇಟ್ಟುಕೊಂಡಿದ್ದರೆ ಅವಳು ಲಕ್ಕಮ್ಮನಾಗಿ ಉಳಿಯುತ್ತಿರಲಿಲ್ಲ. ಹಲವರ ಕೈಯಲ್ಲಿ ಬೆಳೆದ ಪವಿತ್ರ ಲೋಕದ ಸತ್ಯ ಅದರ ಪಾತ್ರಗಳ ಜೀವನಚರಿತ್ರೆಯಲ್ಲಿಲ್ಲ, ಅವರ ವ್ರತದಲ್ಲಿದೆ ಎಂದು ನಾನು ಹೇಳುವುದು ಇದೇ ಅರ್ಥದಲ್ಲಿ. ಕಥೆಗೆ ಸೇರಿಸುವ ಹಕ್ಕು ಎಲ್ಲರಿಗೂ ಇದೆ. ವ್ರತ ಮುರಿಯುವ ಹಕ್ಕು ಯಾರಿಗೂ ಇಲ್ಲ.

ಅಲ್ಲಮನ ಎರಡು ಕಥೆಗಳನ್ನು ಹೀಗೆ ಓದಿದರೆ ಗೋಜಲು ಬಿಡಿಸಿಕೊಳ್ಳುತ್ತದೆ. ಹರಿಹರನಲ್ಲಿ ಅವನು ಪ್ರೀತಿಸಿ ಕಳೆದುಕೊಂಡು ಬಯಲಾದವನು, ಚಾಮರಸನಲ್ಲಿ ಅಂಟಿಸಿಕೊಳ್ಳದೆಯೇ ಬಯಲಾದವನು. ದಾರಿ ಬೇರೆ, ಆದರೆ ಯಾವುದಕ್ಕೂ ಅಂಟಿಕೊಳ್ಳದ ಅವನ ನಿಲುವನ್ನು ಇಬ್ಬರೂ ಮುಟ್ಟಿಲ್ಲ. ಅಲ್ಲಮ ಕೊನೆಗೊಂದು ಮಠ ಕಟ್ಟಿ ಅದರ ಒಡೆಯನಾಗಿ ಕೂತ ಎಂದು ಯಾವನಾದರೂ ಕವಿ ಬರೆದಿದ್ದರೆ, ಎಷ್ಟೇ ಚೆಂದದ ಷಟ್ಪದಿಯಾದರೂ ಅದು ಈ ಲೋಕದೊಳಗೆ ಬರುತ್ತಿರಲಿಲ್ಲ. ಲಿಂಗಸುಗೂರಿಗೆ ಹತ್ತಿರದ ಮುದಗಲ್ಲಿನ ಮೊಹರಂ ಇದೇ ಮಾತನ್ನು ಬೇರೆ ಧರ್ಮದ ಕಡೆಯಿಂದ ಹೇಳುತ್ತದೆ. ಕ್ರಿ.ಶ. 680ರ ಕರ್ಬಲಾ ನಮ್ಮ ಸೀಮೆಯ ರಿವಾಯತ್ ಪದಗಳಲ್ಲಿ ಕನ್ನಡವಾಡುತ್ತದೆ, ಇಲ್ಲಿನ ಮನೆಗಳ ಹಾಗೆ ಅಳುತ್ತದೆ. ಹಾಡುವವರಲ್ಲಿ, ಅಲಾಯಿ ಕುಣಿಯುವವರಲ್ಲಿ ಹಿಂದೂಗಳೂ ಇದ್ದಾರೆ. ಹಾಡಿನಿಂದ ಹಾಡಿಗೆ ಏನು ಬದಲಾದರೂ ಹುಸೇನ್ ಯಜೀದನಿಗೆ ತಲೆಬಾಗುವ ಹಾಡು ಮಾತ್ರ ಹುಟ್ಟುವುದಿಲ್ಲ.

ಮೊದಲ ಆಕ್ಷೇಪ ಭಕ್ತರದು. ಶರಣರು ಬದುಕಿದ್ದ ಮನುಷ್ಯರು, ಅವರನ್ನು ಕಾಮಿಕ್ ಪಾತ್ರಗಳ ಸಾಲಿನಲ್ಲಿ ಕೂರಿಸುವುದು ಅವಮಾನವಲ್ಲವೇ? ಅವರು ಬದುಕಿದ್ದರು ಎಂಬುದರಲ್ಲಿ ಸಂಶಯವಿಲ್ಲ. 1260ರ ಅರ್ಜುನವಾಡ ಶಾಸನದಲ್ಲೇ ಬಸವಣ್ಣನ ಹೆಸರಿದೆ. ಇತಿಹಾಸಕಾರ ಕಲ್ಲನ್ನೂ ಓಲೆಯನ್ನೂ ಹಿಡಿದು ನಡೆದದ್ದೇನೆಂದು ಕೇಳುತ್ತಲೇ ಇರಬೇಕು, ಆ ಕೆಲಸವನ್ನು ಯಾವ ಕಥೆಯೂ ತಡೆಯಬಾರದು. ಆದರೆ ದಾಖಲೆಯೊಂದೇ ಸಾಲದು ಎಂಬುದಕ್ಕೂ ಸಾಕ್ಷಿ ಹತ್ತಿರದಲ್ಲೇ ಇದೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಮಾತನ್ನು ಯಾರೂ ತಿದ್ದಲಾಗದಂತೆ ಕೊರೆಸಿದ. ಯಾರೂ ತಿದ್ದಲಿಲ್ಲ, ಯಾರೂ ಮುಂದುವರಿಸಲೂ ಇಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬೀಳುವವರೆಗೆ ಆ ಬರಹವನ್ನು ಓದುವವರಿರಲಿಲ್ಲ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಶಾಸನಗಳಿಂದ ಖಚಿತವಾದದ್ದು ಆಮೇಲೆ. ಅದೇ ಸೀಮೆಯ ಲಕ್ಕಮ್ಮನನ್ನು ಮಾತ್ರ ಯಾರೂ ಅಗೆದು ತೆಗೆಯಬೇಕಾಗಲಿಲ್ಲ. ಅವಳ ಕಥೆಗೆ ಕೈ ಹಚ್ಚಿದವರೆಲ್ಲ ಸೇರಿ ಅವಳನ್ನು ಉಳಿಸಿದರು. ಕೈ ಹಚ್ಚುವುದೇ ಅವಮಾನವಾದರೆ ಶೂನ್ಯಸಂಪಾದನೆಯೂ ಅವಮಾನವಾಗಬೇಕು, ಏಕೆಂದರೆ ಅಲ್ಲಿ ಶರಣರು ಮುಖಾಮುಖಿ ಕೂತು ವಚನದಲ್ಲಿ ವಾದಿಸುವ ದೃಶ್ಯಗಳನ್ನು ಹೆಣೆದವರು ಶರಣರ ಕಾಲಕ್ಕೆ ಎಷ್ಟೋ ತಲೆಮಾರು ಈಚಿನವರು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಎಲ್ಲರದೂ ಆದ ಲೋಕದಲ್ಲಿ ಬಡವರ ಪಾಲು ದೊಡ್ಡವರ ಹೆಸರಿಗೆ ಜಮೆಯಾಗುತ್ತದೆ. ಕಾಯಕವನ್ನೇ ಕೈಲಾಸವೆನ್ನುವ ಮಾತನ್ನು ನಾಡೆಲ್ಲ ಬಸವಣ್ಣನದೆಂದು ಗೋಡೆಗಳ ಮೇಲೆ ಬರೆಯುತ್ತದೆ. ಅದು ಇರುವುದು ಅಕ್ಕಿ ಆಯುತ್ತಿದ್ದ ಮಾರಯ್ಯನ ವಚನದಲ್ಲಿ. ಕಾಮಿಕ್ಸ್ ಚರಿತ್ರೆಯಲ್ಲೂ ಇದೇ ಗಾಯವಿದೆ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬಿಟ್ಟುಕೊಟ್ಟರು, ಆಮೇಲೆ ತಮ್ಮದೇ ಪಾತ್ರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಆದರೆ ಈ ಅನ್ಯಾಯಕ್ಕೆ ಮದ್ದು ಲೋಕವನ್ನು ಒಬ್ಬರ ಬೀಗಕ್ಕೆ ಒಪ್ಪಿಸುವುದಲ್ಲ. ವಚನಕಾರರಿಗೆ ಇನ್ನೊಂದು ದಾರಿ ಗೊತ್ತಿತ್ತು. ಶೂನ್ಯಸಂಪಾದನೆಯಲ್ಲಿ ದೃಶ್ಯ ಕಟ್ಟುವ ಗದ್ಯ ಸಂಪಾದಕನದು, ವಚನ ಮಾತ್ರ ಅವರವರ ಅಂಕಿತದೊಂದಿಗೇ ಬರುತ್ತದೆ. ಎಷ್ಟು ಕೈ ದಾಟಿದರೂ ಲಕ್ಕಮ್ಮನ ಮಾತಿನ ಕೊನೆಗೆ ಮಾರಯ್ಯಪ್ರಿಯ ಅಮರೇಶ್ವರಲಿಂಗ ನಿಂತಿರುತ್ತದೆ. ಮಾರಯ್ಯನ ಮಾತು ಅವನದೆಂದು ಇಂದು ತೋರಿಸಲು ಸಾಧ್ಯವಾಗಿರುವುದು ಆ ಅಂಕಿತದಿಂದಲೇ. 2002ರಲ್ಲಿ ಹುಟ್ಟಿದ ಜೆನ್ನಿ ಎವ್ರಿವೇರ್ ಎಂಬ ಕಾಮಿಕ್ ನಾಯಕಿಯನ್ನು ಯಾರು ಬೇಕಾದರೂ ಬಳಸಬಹುದು, ಷರತ್ತು ಒಂದೇ: ಅವಳು ಎಲ್ಲರವಳು ಎಂದು ಸಾರುವ ಪುಟ್ಟ ಒಕ್ಕಣೆಯನ್ನು ಪ್ರತಿ ಪ್ರಕಟಣೆಯಲ್ಲೂ ಅಚ್ಚು ಹಾಕಬೇಕು. ಅದು ಬಾಗಿಲು ತೆರೆದಿಡುವ ಕ್ರಮ. ಅಂಕಿತ ಬಾಗಿಲನ್ನೂ ತೆರೆದಿಟ್ಟಿತು, ಒಳಗೆ ಬಂದವರ ಗುರುತನ್ನೂ ಉಳಿಸಿತು. ನನ್ನ ಲೆಕ್ಕದಲ್ಲಿ ಎರಡನೆಯದೇ ಮೇಲು.

ಅಂಕಿತ ಅಳಿಸಿದರೆ ಏನಾಗುತ್ತದೆ ಎಂಬುದನ್ನೂ ಕನ್ನಡ ನಾಡು ಕಂಡಿದೆ. ಮಾತೆ ಮಹಾದೇವಿಯವರು ವಚನದೀಪ್ತಿಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುಸ್ತಕಕ್ಕೆ ಸರ್ಕಾರ ಕೈಹಾಕಬೇಕೇ ಎಂಬುದು ಬೇರೆ ಚರ್ಚೆ. ಅವರಿಗೂ ನಂಬಿಕೆಯ ಕಾರಣಗಳಿದ್ದವು. ಹೊಸ ಅಂಕಿತದಲ್ಲಿ ತಮ್ಮದೇ ವಚನ ಬರೆದಿದ್ದರೆ ಅದು ಆ ಲೋಕಕ್ಕೆ ಸೇರಿದ ಹೊಸ ಕೊಡುಗೆಯಾಗುತ್ತಿತ್ತು. ಬಸವಣ್ಣನ ಸಾಲಿನ ಮೇಲೆ ಅದನ್ನು ಬರೆದದ್ದರಿಂದ ಅಲ್ಲಿದ್ದ ಇನ್ನೊಬ್ಬರ ಕೈಗುರುತು ಮರೆಯಾಯಿತು.

ಉಳಿದದ್ದು ಒಂದೇ ತೊಡಕು: ವ್ರತ ಯಾವುದೆಂದು ತೀರ್ಮಾನಿಸುವವರು ಯಾರು? ಲಕ್ಕಮ್ಮನ ವಿಷಯದಲ್ಲಿ ಅದು ಸುಲಭ, ಎಲ್ಲರಲ್ಲೂ ಹಾಗಲ್ಲ. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಅದನ್ನೇ ಮತ್ತೆ ಮತ್ತೆ ಕಟ್ಟಿದರು. ಕೆರೆ ಕಟ್ಟಿದ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ, ಆಗಬೇಕಿತ್ತೇ ಎಂಬುದು ಈ ಆವೃತ್ತಿಗಳ ನಡುವಿನ ದೊಡ್ಡ ತಕರಾರು. ದೀಕ್ಷೆಯಿಲ್ಲದೆ ಶರಣನಾಗಲು ಬಾರದು ಎಂದರೆ ವ್ರತದ ಅರ್ಥ ಒಂದು, ಅರಿವಿದ್ದವನಿಗೆ ದೀಕ್ಷೆಯ ಹಂಗೇಕೆ ಎಂದರೆ ಇನ್ನೊಂದು. ಇದು ಕಥೆಯ ವಿವರದ ಜಗಳವಲ್ಲ, ಧರ್ಮದ ಒಳಗಿನ ಜಗಳ, ಮತ್ತು ಯಾವ ಪೀಠವೂ ಅದನ್ನು ಪೂರ್ತಿ ಮುಗಿಸಲಿಲ್ಲ. ಒಪ್ಪದವರು ಹಿಂದಿನವರ ಓಲೆ ಸುಡಲಿಲ್ಲ, ತಮ್ಮ ಹೆಸರಿನಲ್ಲಿ ಇನ್ನೊಂದು ಸಂಪಾದನೆ ಕಟ್ಟಿ ಪಕ್ಕದಲ್ಲಿಟ್ಟರು. ಹಾಗಾಗಿ ಇಂದಿಗೂ ಸಿದ್ಧರಾಮನನ್ನು ಬರೆಯಲು, ಚಿತ್ರಿಸಲು ಹೊರಟವರು ಅವರ ಪೈಕಿ ಯಾರ ಮಾತು ಸರಿ ಎಂದು ತಾವೇ ಯೋಚಿಸಿ ಪಕ್ಷ ಹಿಡಿಯಬೇಕಾಗುತ್ತದೆ.