ಮೇಲಣ ಗದ್ದೆಯವನ ಧರ್ಮ

ಅಮರಸಿಂಹನು ತನ್ನ ಕೋಶದಲ್ಲಿ ನೀರಿಗೆ ಹೇಳಿದ ಹೆಸರುಗಳಲ್ಲಿ 'ಜೀವನ'ವೆಂಬುದೊಂದು, 'ಭುವನ'ವೆಂಬುದು ಮತ್ತೊಂದು. ಅದೇ ಸಂಸ್ಕೃತದಲ್ಲಿ 'ವಿಷ'ವೆಂಬ ಶಬ್ದಕ್ಕೂ ನೀರೆಂಬ ಅರ್ಥವುಂಟು. ಬಾಲ್ಯದಲ್ಲಿ ಇವನ್ನು ಕಂಠಪಾಠ ಮಾಡುವಾಗ ಇದರೊಳಗಣ ವಿರೋಧವು ನನಗೆ ತೋರಲಿಲ್ಲ. ಒಂದೇ ವಸ್ತುವು ಬದುಕೂ ಲೋಕವೂ ವಿಷವೂ ಆಗುವುದು ನೀರಿನ ಗುಣದಿಂದಲೋ, ಅದನ್ನು ಬಳಸುವ ಮನುಷ್ಯನ ಗುಣದಿಂದಲೋ?

ನೀರು ತಗ್ಗಿಗೆ ಹರಿಯುವುದಷ್ಟೆ. ಈ ಒಂದು ಸ್ವಭಾವದಿಂದಲೇ ಮೇಲಣ ಗದ್ದೆಯವನು, ಕೆಳಗಣ ಗದ್ದೆಯವನು ಎಂಬ ಭೇದವು ಹುಟ್ಟಿತು. ಕೆಳಗಿನವನ ಅನ್ನವು ಮೇಲಿನವನ ಕೈಯಲ್ಲಿರುವುದು. ತನ್ನ ಹೊಲವನ್ನು ಮೊದಲು ಮುಟ್ಟಿದ ಮಾತ್ರಕ್ಕೆ ನೀರು ಅವನ ಸ್ವತ್ತಾಗುವುದೆ?

ಈ ಪ್ರಶ್ನೆಯು ಹೊಸದಲ್ಲ. ಇಂದಿನ ಇರಾಕ್ ದೇಶದ ದಕ್ಷಿಣದಲ್ಲಿ, ಕ್ರಿಸ್ತಪೂರ್ವ ಸುಮಾರು 2450ರಲ್ಲಿ, ಉಮ್ಮಾ, ಲಗಾಶ್ ಎಂಬ ಎರಡು ನಗರಗಳು ಗಡಿಯ ಹೊಲಕ್ಕಾಗಿಯೂ ನೀರಿಗಾಗಿಯೂ ಕಾದಾಡಿದವು. ಸತ್ತವರ ತಲೆಗಳನ್ನು ರಣಹದ್ದುಗಳು ಕಚ್ಚಿಕೊಂಡು ಹಾರುವ ಚಿತ್ರವುಳ್ಳ ಲಗಾಶದ ಜಯಶಿಲೆಯ ತುಂಡುಗಳು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಲ್ಯಾಟಿನ್ ಭಾಷೆಯಲ್ಲಿ ಒಂದೇ ತೊರೆಯ ನೀರನ್ನು ಬಳಸುವ ನೆರೆಯವನಿಗೆ 'ರಿವಾಲಿಸ್' ಎಂದು ಹೆಸರು. ಎದುರಾಳಿಯೆಂಬ ಅರ್ಥದ 'ರೈವಲ್' ಎಂಬ ಇಂಗ್ಲಿಷ್ ಪದವು ಅದರಿಂದಲೇ ಬಂದಿತು. ನೆರೆಯವನು ಹಗೆಯಾದ ಕಥೆಯೆಲ್ಲ ಆ ಒಂದು ಶಬ್ದದಲ್ಲಿ ಅಡಗಿದೆ.

ಆದರೆ ಇದೊಂದೇ ಗತಿಯೆಂದು ತಿಳಿಯತಕ್ಕುದಲ್ಲ. ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ, ತೂರಿಯಾ ನದಿಯ ಎಂಟು ಕಾಲುವೆಗಳ ರೈತರು ತಮ್ಮೊಳಗಿಂದಲೇ ಆರಿಸಿದ ಪಂಚರು ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಹಾ ಇಗರ್ಜಿಯ ಬಾಗಿಲಲ್ಲಿ ಕುಳಿತು ನೀರಿನ ವ್ಯಾಜ್ಯಗಳನ್ನು ತೀರಿಸುವರು. ವಕೀಲರಿಲ್ಲ; ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ; ತೀರ್ಪಿನ ಮೇಲೆ ಅಪೀಲಿಲ್ಲ. ಆರೋಪಿಯ ಕಾಲುವೆಗೆ ಸೇರಿದ ಪಂಚನು ತೀರ್ಪಿನಲ್ಲಿ ಸೇರತಕ್ಕುದಲ್ಲ. ನದಿಯು ಬಡವಾದ ವರ್ಷ ಎಲ್ಲರ ಪಾಲೂ ತಗ್ಗುವುದು. ಶತಮಾನಗಳಿಂದ ನಡೆದುಬಂದ ಈ ಪಂಚಾಯಿತಿಯನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾಲಿ ದ್ವೀಪದ ರೈತರು 'ಸುಬಕ್' ಎಂಬ ಕೂಟಗಳಾಗಿ ಜಲದೇವಾಲಯಗಳಲ್ಲಿ ಸೇರಿ ನಾಟಿಯ ಕಾಲವನ್ನು ನಿಶ್ಚಯಿಸುವರು. ಎಲ್ಲರೂ ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ದರೆ ಇಲಿಗೂ ಹುಳುವಿಗೂ ಮೇವಿಲ್ಲದೆ ಪೀಡೆಯು ಅಡಗುವುದು. ಕೆಳಗಿನವನಿಗೆ ನೀರು ತಡವಾಗಿ ದೊರೆತು ಅವನ ಪೈರು ಹಿಂದುಳಿದರೆ, ಅಲ್ಲಿ ಬೆಳೆದ ಪೀಡೆಯು ಮೇಲಕ್ಕೂ ಏರುವುದು. 1970ರ ದಶಕದಲ್ಲಿ ಹೆಚ್ಚು ಬೆಳೆಯ ಆಸೆಗೆ ಈ ಕ್ರಮವನ್ನು ಸಡಿಲಿಸಿದಾಗ ಪೀಡೆಯೂ ನೀರಿನ ಅಭಾವವೂ ಕೂಡಿಯೇ ಬಂದವು.

ಹಾಗಾದರೆ ಇದು ಧರ್ಮವೇನು, ಸ್ವಾರ್ಥವೇ ಅಲ್ಲವೆ ಎಂದು ಆಕ್ಷೇಪಿಸಬಹುದು. ವಲೆನ್ಸಿಯಾದಲ್ಲಿ ದಂಡದ ಭಯ, ಬಾಲಿಯಲ್ಲಿ ಇಲಿಯ ಭಯ. ನಮ್ಮ ಕೆರೆಯೂರುಗಳಲ್ಲಿಯೂ ತೂಬನ್ನು ತೆರೆಯುವ ಅಧಿಕಾರವು ನೀರುಗಂಟಿಗಲ್ಲದೆ ಗದ್ದೆಯ ಒಡೆಯನಿಗಿರಲಿಲ್ಲ. ಭಯವೂ ಕಾವಲೂ ಇಲ್ಲದೆಡೆ ಏನಾಗುವುದು?

ಇದಕ್ಕೆ ನಾನೇ ಸಾಕ್ಷಿ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲಲ್ಲಿ ಆಳವಾದ ಕೊಳವೆಬಾವಿಯನ್ನು ತೋಡಿಸಿದೆವು. ಮರುಬೇಸಗೆಗೆ ನೆರೆಮನೆಯವರ ತೆರೆದ ಬಾವಿಯು ಬತ್ತಿತು. ಅವರು ಒಂದು ಮಾತೂ ಆಡಲಿಲ್ಲ. ನಾನೂ ಕಾರಣವು ಬೇರೆಯಿರಬಹುದೆಂದು ಮನಸ್ಸಿಗೆ ಹೇಳಿಕೊಂಡೆನು. ಭೂಮಿಯೊಳಗಣ ನೀರಿನಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿದವನೇ ಮೇಲಣ ಗದ್ದೆಯವನು. ಅಲ್ಲಿ ಹರಿವು ಕಣ್ಣಿಗೆ ಕಾಣದು, ನೀರುಗಂಟಿಯಿಲ್ಲ, ಗುರುವಾರದ ಪಂಚರೂ ಇಲ್ಲ.

ಈಗ ಬೇಸಗೆಯಲ್ಲಿ ನಮ್ಮ ನಲ್ಲಿಯೊಂದನ್ನು ಆ ಮನೆಯ ಕಡೆಗೆ ಇರಿಸಿದ್ದೇವೆ. ಇದನ್ನು ದಾನವೆನ್ನಲು ನನಗೆ ನಾಚಿಕೆ. ಅವರದನ್ನು ಅವರಿಗೆ ತಡವಾಗಿ ಹಿಂದಿರುಗಿಸುವುದಷ್ಟೆ. ನೀರಿಗೆ ವಿಷವೆಂಬ ಹೆಸರು ಹೇಗೆ ಹೊಂದುವುದೆಂಬುದು, ಪಾಠಶಾಲೆಯನ್ನು ಬಿಟ್ಟು ಐವತ್ತು ವರ್ಷಗಳಾದ ಮೇಲೆ, ಆ ಬತ್ತಿದ ಬಾವಿಯ ಕಟ್ಟೆಯ ಬಳಿ ನನಗೆ ತಿಳಿಯಿತು.