ಪುಡಿ ಬೇಡ, ಕಾಯಿ ಕೊಡಿ

ಊಟಿಯ ಕಮರ್ಷಿಯಲ್ ರಸ್ತೆಯ ಅಂಗಡಿಗಳಲ್ಲಿ ಚಾಕೊಲೇಟು, ವರ್ಕಿ ಬಿಸ್ಕತ್ತು, ಚಹಾಪುಡಿಗಳ ಪಕ್ಕದಲ್ಲೇ ಈಗ ಸಾಬೂನಿನ ಸಾಲು. ಸೆಣಬಿನ ದಾರ ಸುತ್ತಿದ, ಎಲೆಯ ಚಿತ್ರ ಅಚ್ಚಾದ, ‘ನೈಸರ್ಗಿಕ’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡ ಬಿಲ್ಲೆಗಳು. ಪ್ರವಾಸಿಗಳು ಮೂಸಿ ನೋಡಿ, ನಾಲ್ಕಾರು ಒಟ್ಟಿಗೇ ಕೊಳ್ಳುತ್ತಾರೆ. ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಚಹಾತೋಟದ ಹೆಣ್ಣುಮಗಳು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವಳ ಬಚ್ಚಲಲ್ಲಿರುವುದು ಶಾಂಪೂ ಸ್ಯಾಶೆ ಮತ್ತು ಎಲ್ಲಕ್ಕಿಂತ ಅಗ್ಗದ ಸಾಬೂನು. ಬೆಟ್ಟದ ಕಾಡು ಕೊಡುವ ವಸ್ತು ಬೆಟ್ಟದಲ್ಲೇ ಬದುಕುವವರಿಗೆ ಎಟುಕದ ಸರಕಾಗಿದೆ. ಇದನ್ನು ಕಾಲದ ಮಹಿಮೆ ಎಂದು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಏಕೆಂದರೆ ಆ ವಸ್ತು ನಿಜಕ್ಕೂ ದುಬಾರಿಯದಲ್ಲ.

ಊಟಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಇಳಿದು ನೋಡಿ. 2,200 ಮೀಟರ್ ಎತ್ತರದ ಮಂಜು, ಶೋಲಾ ಕಾಡು ಹಿಂದುಳಿದು, ಮಳೆನೆರಳಿನ ಸೀಗೂರು ಬಯಲು ತೆರೆದುಕೊಳ್ಳುತ್ತದೆ. ಮಸಿನಗುಡಿಯ ಸುತ್ತಲಿನ ಈ ಒಣಕಾಡು ಅತ್ತ ಮುದುಮಲೆ, ಬಂಡೀಪುರಗಳೊಂದಿಗೆ ಕೂಡಿಕೊಂಡಿದೆ. ಮೈ ತೊಳೆಯಲು, ತಲೆ ಎರೆದುಕೊಳ್ಳಲು ಬೇಕಾದುದೆಲ್ಲ ಇಲ್ಲೇ ಬೆಳೆಯುತ್ತದೆ. ಅಂಟುವಾಳದ ಮರ ಇದೆ, ಮುಳ್ಳು ತುಂಬಿದ ಸೀಗೆ ಬಳ್ಳಿ ಇದೆ, ನೆಲ್ಲಿ ಇದೆ. ಇವುಗಳಷ್ಟು ಹೆಸರು ಮಾಡದ ಚುಜ್ಜಲು ಮರವೂ ಇದೆ. ಕೆಲವೆಡೆ ಇದನ್ನು ತುಗ್ಗಲಿ ಎನ್ನುತ್ತಾರೆ. ಬೆಟ್ಟದ ಆಚೆ ಕೊಂಗುನಾಡಿನಲ್ಲಿ ಇದರ ಎಲೆಯ ಪುಡಿಗೆ ಅರಪ್ಪು ಎಂದು ಹೆಸರು. ಎಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಸಿಗುವ ಹಸಿರು ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿದರೆ ಎಣ್ಣೆಸ್ನಾನದ ಜಿಡ್ಡು ಹೋಗುತ್ತದೆ. ತಲೆ ತಂಪಾಗಿರುತ್ತದೆ. ಇಷ್ಟು ಸುಲಭದ ವಸ್ತುವಿಗೆ ಊಟಿಯ ಆ ಚಂದದ ಸಾಲುಗಳಲ್ಲಿ ಜಾಗವಿಲ್ಲ.

ಅಂಟುವಾಳದ ಸಿಪ್ಪೆಯಲ್ಲೂ ಸೀಗೆಯ ಕೋಡಿನಲ್ಲೂ ಇರುವುದು ಸಪೋನಿನ್ ಎಂಬ ನೊರೆಕಟ್ಟುವ ಅಂಶ. ಎಣ್ಣೆಯನ್ನು ಹಿಡಿದು ನೀರಿನೊಡನೆ ಹೊರಗೆ ಒಯ್ಯುವುದು ಅದರ ಕೆಲಸ. ಸಾಬೂನು ಕ್ಷಾರದ ವಸ್ತು, ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಚರ್ಮದ ಹೊರಪದರ ತುಸು ಹುಳಿ ಸ್ವಭಾವದ್ದು. ಸೀಗೆನೀರೂ ಹುಳಿಯ ಕಡೆಗೇ ಇರುವುದರಿಂದ ಚರ್ಮವೂ ಕೂದಲೂ ಅಷ್ಟಾಗಿ ಒರಟಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುವ ಊಟಿಯಲ್ಲಿ ಇದು ಸಣ್ಣ ವಿಷಯವಲ್ಲ. ಆ ಚಳಿಗೆ ಮೈ ಬಿರಿಯುತ್ತದೆ. ಸುಮಾರು 24 ಡಿಗ್ರಿಗೇ ಗಟ್ಟಿಯಾಗುವ ಕೊಬ್ಬರಿ ಎಣ್ಣೆ ಅಲ್ಲಿ ತಿಂಗಳುಗಟ್ಟಲೆ ಬೆಣ್ಣೆಯ ಮುದ್ದೆಯಾಗಿಯೇ ಕೂತಿರುತ್ತದೆ. ಒಲೆಯ ಪಕ್ಕ ಇಟ್ಟು ಕರಗಿಸಿಕೊಂಡು, ಮಿಂದ ಮೇಲೆ ಮೈ ಒದ್ದೆಯಿರುವಾಗಲೇ ಸವರಿಕೊಂಡರೆ ಆ ಚಳಿಗೆ ಅದಕ್ಕಿಂತ ಅಗ್ಗದ ‘ಮಾಯಿಶ್ಚರೈಸರ್’ ಬೇಕಿಲ್ಲ.

ಅಂಟುವಾಳವನ್ನು ಬಳಸುವ ಕ್ರಮ ಅಜ್ಜಿಯರಿಗೆ ಬಾಯಿಪಾಠವಾಗಿತ್ತು. ಈಗ ಹೇಳಬೇಕಾಗಿದೆ. ಕಾಯಿ ಒಡೆದು ಒಳಗಿನ ಕಪ್ಪು ಬೀಜ ತೆಗೆದುಬಿಡಬೇಕು, ನೊರೆ ಇರುವುದು ಸಿಪ್ಪೆಯಲ್ಲಿ ಮಾತ್ರ. ಐದಾರು ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಕುದಿ ಬರಿಸಿ ಕಿವುಚಿ ಸೋಸಿದರೆ ತಲೆಗೆ ಸಾಕು. ಉಳಿದದ್ದು ರೇಷ್ಮೆ ಸೀರೆಗೂ ಬೆಳ್ಳಿ ಬಂಗಾರದ ಒಡವೆಗೂ ಆಗುತ್ತದೆ. ಸೀಗೆಪುಡಿಗೆ ಮೆಂತ್ಯ, ಹೆಸರುಕಾಳು, ಒಣಗಿದ ನಿಂಬೆ ಸಿಪ್ಪೆ ಬೆರೆಸುವುದುಂಟು. ದಾಸವಾಳದ ಎಲೆ ಅರೆದು ಲೋಳೆ ಹಚ್ಚಿದರೆ ಸಿಕ್ಕು ಬಿಡಿಸುವುದು ಸಲೀಸು. ಕಣ್ಣಿಗೆ ಬಿದ್ದರೆ ಮಾತ್ರ ಸೀಗೆಯೂ ಅಂಟುವಾಳವೂ ಚೆನ್ನಾಗಿ ಉರಿಯುತ್ತವೆ. ಮಕ್ಕಳಿಗೆ ಹಾಕುವಾಗ ಹಣೆಗೆ ಅಡ್ಡ ಕೈ ಇಡಲೇಬೇಕು. ಇನ್ನೊಂದು ಮಾತು: ಅಂಟುವಾಳದ ನೀರು ಮೀನಿಗೆ ವಿಷ. ಕಾಡಿನದೇ ವಸ್ತು ಎಂದು ಅದನ್ನು ಹಳ್ಳಕ್ಕೆ ಸುರಿಯಬಾರದು, ಗಿಡದ ಬುಡಕ್ಕೆ ಹೋಗಲಿ.

ಹೀಗೆ ಕುದಿಸಿದ ನೀರು ಎರಡು ಮೂರು ದಿನಕ್ಕೆ ಕೆಡುತ್ತದೆ. ಇದನ್ನು ತಿಳಿದವರಿಗೆ ಮಾರುಕಟ್ಟೆಯ ಅರ್ಧ ಗುಟ್ಟು ತಿಳಿದಂತೆ. ಬಾಟಲಿಯಲ್ಲಿ ತುಂಬಿ ಎರಡು ವರ್ಷ ಇಡಬೇಕಾದ ಯಾವುದೇ ‘ಸೀಗೆ ಶಾಂಪೂ’ ಕೆಡದಂತೆ ತಡೆಯುವ ರಾಸಾಯನಿಕ ಬೆರೆಸಿಕೊಳ್ಳಲೇಬೇಕು. ಬೆರೆಸುವುದು ಅಪರಾಧವೇನಲ್ಲ, ಬೆರೆಸದಿದ್ದರೇ ಅಪಾಯ. ಆದರೆ ಹೆಸರಿಗೊಂದಿಷ್ಟು ಸೀಗೆ ಸಾರ ಹಾಕಿ, ಉಳಿದುದೆಲ್ಲ ಮಾಮೂಲಿ ಶಾಂಪೂವೇ ಆಗಿದ್ದು, ಎಲೆಯ ಚಿತ್ರದ ಬಲದಿಂದ ದುಪ್ಪಟ್ಟು ಬೆಲೆ ಕೇಳಿದರೆ ಅದನ್ನು ಕೊಳ್ಳುವ ಅಗತ್ಯ ನಮಗಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದ ಪಟ್ಟಿ ಇರುತ್ತದೆ. ಸೀಗೆ ಆ ಪಟ್ಟಿಯ ಎಷ್ಟನೆಯ ಜಾಗದಲ್ಲಿದೆ ಎಂದು ನೋಡಿದರೆ ಬೆಲೆಗೆ ತಕ್ಕುದೋ ಅಲ್ಲವೋ ಗೊತ್ತಾಗುತ್ತದೆ.

ಸ್ಯಾಶೆ ಕೊಳ್ಳುವವರನ್ನು ದೂರುವ ಮನಸ್ಸು ನನಗಿಲ್ಲ. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಸಿ.ಕೆ. ರಂಗನಾಥನ್ ಅವರು ಚಿಕ್ ಶಾಂಪೂ ಆರಂಭಿಸಿ ಪುಟ್ಟ ಪೊಟ್ಟಣಗಳಲ್ಲಿ ಮಾರಿದಾಗ, ಬಾಟಲಿ ಕೊಳ್ಳಲಾಗದ ಲಕ್ಷಾಂತರ ಮನೆಗಳಿಗೆ ಶಾಂಪೂ ಮೊದಲ ಸಲ ಎಟುಕಿತು. ದಿನಗೂಲಿಯವರ ಕೈಯಲ್ಲಿ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಹಾಗಾಗಿ ಕೊಳ್ಳುವುದೂ ದಿನದ ಲೆಕ್ಕದಲ್ಲೇ. ಸೀಗೆಕಾಯಿ ಈ ಪೈಪೋಟಿಯಲ್ಲಿ ಸೋತದ್ದು ಗುಣದಲ್ಲಲ್ಲ. ಅದಕ್ಕೆ ಬಿಡುವು ಬೇಕು, ಒಣಗಿಸಲು ಅಂಗಳ ಬೇಕು, ಗಿರಣಿ ಬೇಕು. ಬೆಳಿಗ್ಗೆ ತೋಟದ ಹಾಜರಿಗೆ ಹೊತ್ತಿಗೆ ಸರಿಯಾಗಿ ನಿಲ್ಲಬೇಕಾದ ತಾಯಿಗೆ ರಾತ್ರಿ ಅಂಟುವಾಳ ನೆನೆಹಾಕು ಎಂದು ಉಪದೇಶಿಸುವುದು ಸುಲಭ, ಅವಳ ಬದಲು ಒಲೆ ಹಚ್ಚುವುದು ಕಷ್ಟ. ಆದರೂ ಊಟಿಯಿರುವ ನೀಲಗಿರಿ ಜಿಲ್ಲೆಗೆ ಸ್ಯಾಶೆಯ ಬೆಲೆ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಗಷ್ಟೇ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಚೀಲದ ವಿರುದ್ಧ ಈ ಜಿಲ್ಲೆ ಚಳವಳಿ ಹೂಡಿದ್ದು 2000ದ ಆಸುಪಾಸಿನಲ್ಲೇ, ದೇಶದ ಬಹುಪಾಲು ಊರುಗಳಿಗಿಂತ ಮೊದಲು. 2019ರಿಂದ ಸಣ್ಣ ನೀರಿನ ಬಾಟಲಿಗೂ ಇಲ್ಲಿ ತಡೆ ಇದೆ. ಚೆಕ್‌ಪೋಸ್ಟಿನಲ್ಲಿ ಪ್ರವಾಸಿಯ ಬಾಟಲಿ ಕಸಿದುಕೊಳ್ಳುತ್ತಾರೆ. ಬೆರಳುದ್ದದ ಸ್ಯಾಶೆ ಮಾತ್ರ ಅಂಗಡಿಯ ಬಾಗಿಲಲ್ಲಿ ತೋರಣವಾಗಿ ತೂಗುತ್ತಲೇ ಇದೆ, ಹರಿದ ಮೇಲೆ ಹಳ್ಳ ಸೇರುತ್ತಲೇ ಇದೆ.

ಈಗ ಕೊಳ್ಳುವ ಮಾತು. ಗೂಡಲೂರಿನ ದಿನಸಿ ಅಂಗಡಿಯಲ್ಲೋ ಗಡಿಯಾಚೆ ಗುಂಡ್ಲುಪೇಟೆಯ ಸಂತೆಯಲ್ಲೋ ಸೀಗೆ ಕೇಳಿದರೆ, ‘ಪುಡಿ ಬೇಕಾ, ಕಾಯಿ ಬೇಕಾ?’ ಎಂದು ಕೇಳುತ್ತಾರೆ. ಕಾಯಿಯನ್ನೇ ಕೇಳಿ. ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಬಹುದು. ಹುಳು ಹಿಡಿದಿದೆಯೇ, ಬೂಸಲು ಬಂದಿದೆಯೇ, ಹಳೆಯದೇ ಹೊಸದೇ ಎಂಬುದು ಕಣ್ಣಿಗೂ ಮೂಗಿಗೂ ತಿಳಿಯುತ್ತದೆ, ಮುರಿದರೆ ಪಟ್ಟನೆ ಮುರಿಯಬೇಕು. ಪುಡಿಯಾದ ಮೇಲೆ ಅದರೊಳಗೆ ಏನು ಸೇರಿದೆ ಎಂದು ಹೇಳುವುದು ತಜ್ಞರಿಗೂ ಕಷ್ಟ. ತೂಕಕ್ಕೆ ತೂಕ ಹೋಲಿಸಿದರೆ ಕಾಯಿ ಅಗ್ಗ, ಅರೆದ ಕೂಲಿ, ಡಬ್ಬಿ, ಜಾಹೀರಾತು ಯಾವುದರ ಹೊರೆಯೂ ಅದರ ಮೇಲಿರುವುದಿಲ್ಲ. ಅಗ್ಗವೂ ನಂಬಿಕೆಗೆ ಯೋಗ್ಯವೂ ಒಂದೇ ವಸ್ತುವಾಗಿರುವುದು ಅಪರೂಪ. ಇಲ್ಲಿ ಹಾಗಿದೆ.

ಸಾಬೂನೇ ಬೇಕೆನ್ನುವವರಿಗೂ ಒಂದು ಅಳತೆಗೋಲಿದೆ. ಹೊದಿಕೆಯ ಮೇಲೆ ಟಿಎಫ್ಎಂ ಎಂದು ಬರೆದಿರುತ್ತಾರೆ, ಸಾಬೂನಿನಲ್ಲಿರುವ ಕೊಬ್ಬಿನಂಶದ ಪ್ರಮಾಣ ಅದು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಗೆ ಕನಿಷ್ಠ ಶೇ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ‘ಬೇದಿಂಗ್ ಬಾರ್’ ಎಂಬ ಹೆಸರಿನವು ಇನ್ನೂ ಕೆಳಗೆ, ಶೇ 40ಕ್ಕೂ ಇಳಿಯಬಹುದು. ಕೊಬ್ಬಿನಂಶ ಕಡಿಮೆಯಾದಷ್ಟೂ ಬಿಲ್ಲೆ ನೀರಲ್ಲಿ ಬೇಗ ಕರಗುತ್ತದೆ. ಹಾಗಾಗಿ ಕಡಿಮೆ ಬೆಲೆಯದು ತಿಂಗಳ ಕೊನೆಗೆ ಹೆಚ್ಚು ಖರ್ಚಿನದಾಗುವುದೂ ಉಂಟು. ಮೊದಲ ದರ್ಜೆಗೆ ಉದಾಹರಣೆ ಮೈಸೂರು ಸ್ಯಾಂಡಲ್ ಸಾಬೂನು. ಮೊದಲ ಮಹಾಯುದ್ಧದ ಹೊತ್ತಿಗೆ ಯೂರೋಪಿಗೆ ಹೋಗದೆ ಉಳಿದ ಗಂಧದ ಮರದಿಂದ ಎಣ್ಣೆ ತೆಗೆಯಲು ಮೈಸೂರು ಸಂಸ್ಥಾನ 1916ರಲ್ಲಿ ಮುಂದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಬೆಳೆಸಿದ, ಸೋಸಲೆ ಗರಳಪುರಿ ಶಾಸ್ತ್ರಿಗಳು ರೂಪು ಕೊಟ್ಟ, ಆ ಎಣ್ಣೆಯ ಸಾಬೂನು ಇಂದಿಗೂ ಮೊದಲ ದರ್ಜೆಯದು. ಸರ್ಕಾರಿ ಕಾರ್ಖಾನೆಯೊಂದು ನೂರು ವರ್ಷ ಗುಣ ಉಳಿಸಿಕೊಂಡಿದೆ ಎಂಬುದು ನಮ್ಮವರೆಲ್ಲ ಹೆಮ್ಮೆಪಡಬೇಕಾದ ಸಂಗತಿ.

ನೀಲಗಿರಿ ಎಣ್ಣೆಯಂಥವುಗಳ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆಯನ್ನೂ ಹೇಳಬೇಕು. ನೀಲಗಿರಿ ಮರ ಇಲ್ಲಿಯದಲ್ಲ. 1843ರಲ್ಲಿ ಕ್ಯಾಪ್ಟನ್ ಕಾಟನ್ ಎಂಬ ಅಧಿಕಾರಿ ಆಸ್ಟ್ರೇಲಿಯಾದ ಈ ಮರವನ್ನು ತಂದು ನೆಡಿಸಿದ. ಬೆಟ್ಟದ ಹೆಸರೇ ಮರಕ್ಕೆ ಅಂಟಿಕೊಂಡಿತು. ಎಲೆಯನ್ನು ಹಂಡೆಯಲ್ಲಿ ಹಬೆಗೆ ಬೇಯಿಸಿ ಇಳಿಸುವ ಆ ಎಣ್ಣೆಯೂ, ಶೋಲಾ ಅಂಚಿನ ಪೊದೆಯಿಂದ ಬರುವ ವಿಂಟರ್‌ಗ್ರೀನ್ ಎಣ್ಣೆಯೂ ಮೈಕೈ ನೋವಿಗೆ ಒಳ್ಳೆಯವು. ಆದರೆ ಎರಡೂ ಕಡು ವಸ್ತುಗಳು, ಹಾಗೇ ಮುಖಕ್ಕೆ ಹಚ್ಚಬಾರದು, ಕೊಬ್ಬರಿ ಎಣ್ಣೆಯಲ್ಲಿ ಕೆಲವೇ ಹನಿ ಬೆರೆಸಿ ಬಳಸಬೇಕು. ಮಗುವೊಂದು ಚಮಚದಷ್ಟು ಕುಡಿದರೂ ಪ್ರಾಣಕ್ಕೇ ಅಪಾಯ. ಮರದಿಂದ ಬಂದದ್ದೆಲ್ಲ ಸೌಮ್ಯ ಎಂಬ ನಂಬಿಕೆಯನ್ನು ಮಾರುವವರು ಬೆಳೆಸುತ್ತಾರೆ, ಮನೆಯವರು ಬೆಳೆಸಬಾರದು.

ಇಷ್ಟು ಹೊತ್ತು ಕೊಳ್ಳುವವರ ಕಡೆಯಿಂದ ಮಾತಾಡಿದೆ. ಸೀಗೆಕಾಯಿಗೆ ಇನ್ನೊಂದು ತುದಿಯಿದೆ. ಅದನ್ನು ಕೊಯ್ಯುವವರು ಇರುಳರು, ಕುರುಂಬರು, ಬಿಳಿಗಿರಿರಂಗನ ಬೆಟ್ಟದಲ್ಲಾದರೆ ಸೋಲಿಗರು. ಮುಳ್ಳಿನ ಬಳ್ಳಿಯೊಳಗೆ ಕೈ ಹಾಕಬೇಕು. ಲಂಟಾನ ಪೊದೆ ಮುಚ್ಚಿಕೊಂಡ ಕಾಡಲ್ಲಿ ನಾಲ್ಕು ಮಾರು ಆಚೆ ಆನೆ ನಿಂತಿದ್ದರೂ ಕಾಣದು. ಇಷ್ಟಾಗಿ, 2002ರಲ್ಲಿ ವನ್ಯಜೀವಿ ಕಾಯ್ದೆಗೆ ಬಂದ ತಿದ್ದುಪಡಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ತಡೆಯಿತು, ತಲೆಮಾರುಗಳಿಂದ ಕಾಯಿ ಕೊಯ್ದು ಬದುಕಿದವರ ಕೈ ಕಟ್ಟಿಹೋಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಆ ಹಕ್ಕನ್ನು ಮರಳಿ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದರು. 1993ರಲ್ಲಿ ಶುರುವಾಗಿ ಈಗ ಕೋತಗಿರಿಯಲ್ಲಿ ಕೆಲಸ ಮಾಡುತ್ತಿರುವ ಕೀಸ್ಟೋನ್ ಫೌಂಡೇಶನ್‌ನ ನೆರವಿನಿಂದ ಬುಡಕಟ್ಟಿನವರೇ ಒಡೆಯರಾದ ಆದಿಮಲೈ ಎಂಬ ಉತ್ಪಾದಕರ ಕಂಪನಿ 2013ರಲ್ಲಿ ಹುಟ್ಟಿತು. ಕೀಸ್ಟೋನ್‌ನಿಂದಲೇ ಬೆಳೆದ ಲಾಸ್ಟ್ ಫಾರೆಸ್ಟ್ ಅಂಗಡಿಗಳಲ್ಲಿ ಜೇನುಮೇಣದ ಮುಲಾಮು, ಸಾಬೂನು ಸಿಗುತ್ತವೆ. ಆ ಸಾಬೂನು ಕೂಲಿಯ ಮನೆಗೆ ಹೊಂದುವ ಬೆಲೆಯದಲ್ಲ, ನಿಜ. ಆದರೆ ಅದರ ಬೆಲೆಯಲ್ಲಿ ಕೊಯ್ದವರ ಪಾಲೂ ಇದೆ ಎಂಬ ಕಾರಣಕ್ಕೆ, ಕೊಡಬಲ್ಲವರು ಅಲ್ಲಿ ಕೊಡಲಿ ಎಂದೇ ನಾನು ಹೇಳುತ್ತೇನೆ.

ಕೊಡಲಾಗದವರಿಗೆ ಕಾಯಿ ಇದೆ. ಸೀಗೆಯ ಸುಗ್ಗಿ ಸಂಕ್ರಾಂತಿಯ ಆಚೀಚೆಯಿಂದ ಬೇಸಿಗೆಯ ಆರಂಭದವರೆಗೆ. ಆಗ ವರ್ಷಕ್ಕಾಗುವಷ್ಟು ಒಮ್ಮೆಗೇ ತೆಗೆದುಕೊಂಡರೆ ಬೆಲೆಯೂ ಹಿತ, ಕೊಯ್ದವರಿಗೆ ಒಟ್ಟಿಗೆ ದುಡ್ಡೂ ಸೇರುತ್ತದೆ. ಕಾಯಿಯನ್ನು ಆದಿವಾಸಿಗಳ ಸಹಕಾರ ಸಂಘದಲ್ಲಿ ಅಥವಾ ಸಂತೆಗೆ ತಂದವರಲ್ಲಿ ನೇರವಾಗಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಊಟಿಯ ಮಂಜಿನಲ್ಲಿ ಅದು ಒಣಗದು. ಮಸಿನಗುಡಿಯ ಕಡೆ ನೆಂಟರಿದ್ದರೆ ಅವರ ಅಂಗಳದ ಮಾರ್ಚ್ ಬಿಸಿಲಲ್ಲಿ ಗರಿಗರಿಯಾಗಿಸಿ ತರಬೇಕು. ಗಿರಣಿಯವರು ಒಂದೆರಡು ಕಿಲೋ ಸೀಗೆ ಅರೆಯಲು ಒಪ್ಪುವುದಿಲ್ಲ. ಘಾಟಿಗೆ ಸೀನು ನಿಲ್ಲದು, ಯಂತ್ರ ತೊಳೆಯುವ ಕೆಲಸ ಬೇರೆ. ತೋಟದ ಸಾಲುಮನೆಗಳ ಐದಾರು ಕುಟುಂಬದವರು, ಇಲ್ಲವೇ ಒಂದು ಸ್ವಸಹಾಯ ಸಂಘದವರು, ತಮ್ಮ ಕಾಯಿ, ಮೆಂತ್ಯ, ಹೆಸರುಕಾಳನ್ನೆಲ್ಲ ಸೇರಿಸಿ ಒಯ್ದರೆ ಖಂಡಿತ ಒಪ್ಪುತ್ತಾರೆ. ಪುಡಿಯನ್ನು ಬಿಸಿ ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ, ಬಚ್ಚಲಿನ ಹಸಿಗೆ ತಾಗದಂತೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿಡಬೇಕು. ಜೂನ್ ತಿಂಗಳ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿದಿರಬೇಕು.